ಡಿಡಿಆರ್ ಸ್ಟಾಂಪೂ, ನಮ್ಮನೆ ಬಚ್ಚಲೊಲೆಯೂ...

ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕು, ಅಟ್ಟದ ಸಾಮಾನು ಇಳಿಸೋಕೆ ಒಂದು ಜನ ಬೇಕು, ಬಾ ಅಂತ ಅಣ್ಣ ಫೋನ್ ಮಾಡಿದ್ದ. ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಅಟ್ಟ ಅಂದ್ರೆ ಗೊತ್ತಲ್ಲ, ಹಳೇ ತೊಟ್ಟಿಲು, ಕಾಲು ಮುರಿದ ಕುರ್ಚಿ, ಹಿತ್ತಾಳೆ ಕೊಳಗ, ಯಾವ ಕಾಲದ್ದೋ ಪಂಚಾಂಗ, ಇಲಿ ಹಿಕ್ಕೆ. ಅದರ ಮಧ್ಯೆ ತೀರಿಹೋದ ಚಿಕ್ಕಪ್ಪನ ಬಿಸ್ಕತ್ತಿನ ಡಬ್ಬ ಸಿಕ್ಕಿತು. ತುಕ್ಕು ಹಿಡಿದು ಮುಚ್ಚಳ ಬಿಗಿದುಕೊಂಡಿತ್ತು. ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸಿದೆ. ಒಳಗೆ ಮಳೆ ಲೆಕ್ಕದ ನೋಟ್ ಪುಸ್ತಕಗಳು, ದಾರ ಕಟ್ಟಿದ ಒಂದು ಕಟ್ಟು ಕಾಗದ, ಎಲ್ಲಕ್ಕಿಂತ ಕೆಳಗೆ ಒಂದು ಏರ್ ಮೇಲ್ ಕವರು.

ಆ ಕವರನ್ನು ನೋಡಿ ನಾನು ಅಲ್ಲೇ, ಆ ಇಲಿ ಹಿಕ್ಕೆಯ ಮಧ್ಯೆಯೇ ಕೂತುಬಿಟ್ಟೆ.

ಅದು ಯಾಕೆ ಅಂತ ಹೇಳಬೇಕಂದ್ರೆ ಸ್ಟಾಂಪಿನ ಕಥೆಯಿಂದಲೇ ಶುರು ಮಾಡಬೇಕು.

ಎಪ್ಪತ್ತು ಎಂಬತ್ತರ ದಶಕದಲ್ಲಿ ಹೈಸ್ಕೂಲು ಓದಿದವರಿಗೆಲ್ಲ ಸ್ಟಾಂಪಿನ ಹುಚ್ಚು ಒಂದಲ್ಲ ಒಂದು ಸಲ ಹಿಡಿದೇ ಇರುತ್ತೆ. ಶಿವಮೊಗ್ಗಕ್ಕೆ ಹೋದಾಗ ಪುಸ್ತಕದಂಗಡಿಯಲ್ಲಿ ಪಾರದರ್ಶಕ ಪ್ಯಾಕೆಟ್ಟಿನಲ್ಲಿ ಬಣ್ಣಬಣ್ಣದ ಸ್ಟಾಂಪು ನೇತುಹಾಕಿರುತ್ತಿದ್ದರು. ಮಗ್ಯಾರ್ ಪೋಸ್ತಾ, ಸುವೋಮಿ, ಹೆಲ್ವೆಟಿಯಾ ಅಂತೆಲ್ಲ ಬರೆದಿದ್ದು ಯಾವ ದೇಶ ಅಂತ ಭೂಪಟದಲ್ಲಿ ಹುಡುಕಿ ಹುಡುಕಿ ಸುಸ್ತಾಗಿದ್ದೇವೆ. ಡಿಡಿಆರ್ ಅಂತ ಇದ್ದದ್ದನ್ನು ನೋಡಿ ನನ್ನ ಗೆಳೆಯನೊಬ್ಬ 'ಇದು ದೂರದರ್ಶನದವರು ಬಿಟ್ಟ ಸ್ಟಾಂಪು ಕಣೋ' ಅಂದಿದ್ದ. ನಾವು ನಂಬಿಯೂ ಇದ್ವಿ!

ನಾನೂ ಅಣ್ಣನೂ ಮೊದಲು ಒಂದೇ ಆಲ್ಬಮ್ಮಿನಲ್ಲಿ ಸೇರಿಸುತ್ತಿದ್ದೆವು. ದಿನಾ ಜಗಳ. ಒಂದು ದಿನ ಅಪ್ಪ ಅಡಿಕೆ ತೋಟ ಪಾಲು ಮಾಡಿದ ಹಾಗೆ ಪಾಲು ಮಾಡಿಯೇಬಿಟ್ಟರು. ಇಂಡಿಯಾ, ಬ್ರಿಟನ್ನು, ಅಮೆರಿಕಾ ಎಲ್ಲ ಅಣ್ಣನಿಗೆ, ಯಾಕಂದ್ರೆ ಅವನು ದೊಡ್ಡವನು, ಅವನೇ ಶುರು ಮಾಡಿದ್ದು. ನನಗೆ ಉಳಿದದ್ದು ಡಿಡಿಆರ್ ಒಂದೇ. 'ಹೆಂಗೂ ನಿನ್ನ ಚಿಕ್ಕಪ್ಪಂಗೆ ಅಲ್ಲಿಂದ ಕಾಗದ ಬರ್ತದಲ್ಲ' ಅಂದರು ಅಪ್ಪ. ಬಹಳ ಅತ್ತಿದ್ದೆ ಅವತ್ತು. ಮೂರು ತಿಂಗಳಲ್ಲಿ ಅಣ್ಣ ಕ್ರಿಕೆಟ್ಟಿನ ಕಡೆ ತಿರುಗಿದ. ನಾನು ಮಾತ್ರ ಆ ಒಂದೇ ದೇಶ ಹಿಡಿದುಕೊಂಡು ಇವತ್ತಿನವರೆಗೂ ಬಂದೆ.

ಡಿಡಿಆರ್ ಅಂದ್ರೆ ಪೂರ್ವ ಜರ್ಮನಿ. 1949ರ ಅಕ್ಟೋಬರ್ 7ಕ್ಕೆ ಹುಟ್ಟಿದ ದೇಶ, 1990ರ ಅಕ್ಟೋಬರ್ 3ಕ್ಕೆ ಪಶ್ಚಿಮದ ಜತೆ ಸೇರಿ ಇಲ್ಲವಾಯಿತು. ಹತ್ತಿರ ಹತ್ತಿರ ನಲವತ್ತೊಂದು ವರ್ಷ. ಅಷ್ಟರಲ್ಲೇ ಅವರು ಬಿಟ್ಟ ಸ್ಟಾಂಪು ಜರ್ಮನ್ನರ ಮಿಷೆಲ್ ಕ್ಯಾಟಲಾಗಿನ ಎಣಿಕೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಇಂಡಿಯಾ ಸೇರಿಸುವವನಿಗೆ ಕೊನೆ ಅನ್ನುವುದೇ ಇಲ್ಲ, ಅವನು ಸತ್ತ ಮೇಲೂ ಸ್ಟಾಂಪು ಬರುತ್ತಲೇ ಇರುತ್ತೆ. ನನ್ನದು ಹಾಗಲ್ಲ. ಮುಗಿದ ದೇಶ. ಇಷ್ಟೇ, ಇನ್ನು ಒಂದೂ ಹೆಚ್ಚಿಗೆ ಬರುವುದಿಲ್ಲ.

ಚಿಕ್ಕಪ್ಪನಿಗೂ ಪೂರ್ವ ಜರ್ಮನಿಗೂ ಏನು ಸಂಬಂಧ ಅಂತ ಕೇಳ್ತೀರಾ? ಮಳೆ!

ಚಿಕ್ಕಪ್ಪ ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ರೈಟರ್ ಆಗಿದ್ದ. ಮದುವೆ ಆಗಲಿಲ್ಲ, ಯಾಕೆ ಅಂತ ನಮ್ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅವನ ಆಸ್ತಿ ಅಂದ್ರೆ ಒಂದು ಮರ್ಫಿ ರೇಡಿಯೋ, ಒಂದು ನಿಘಂಟು, ಅಂಗಳದಲ್ಲಿ ಕಲ್ಲಿನ ಮೇಲಿಟ್ಟ ಒಂದು ಡಾಲ್ಡಾ ಡಬ್ಬ. ಮಳೆ ಅಳೆಯಲಿಕ್ಕೆ. ದಿನಾ ಬೆಳಿಗ್ಗೆ ಎಂಟಕ್ಕೆ ಸ್ಕೇಲು ಇಳಿಸಿ ನೋಡಿ ಬರೆದುಕೊಳ್ಳುವುದು, ಪೇಪರಿನಲ್ಲಿ ಬಂದ ಆಗುಂಬೆಯ ಲೆಕ್ಕವನ್ನು ಪಕ್ಕದಲ್ಲಿ ಬರೆಯುವುದು. ನಮ್ಮನೆಯಿಂದ ಆಗುಂಬೆ ದೂರವೇನಲ್ಲ. ರಾತ್ರಿ ಶಾರ್ಟ್‌ವೇವಿನಲ್ಲಿ ಬಿಬಿಸಿ, ರೇಡಿಯೋ ಮಾಸ್ಕೋ, ರೇಡಿಯೋ ಬರ್ಲಿನ್ ಇಂಟರ್‌ನ್ಯಾಷನಲ್. ಈ ಬರ್ಲಿನ್ ರೇಡಿಯೋದವರಿಗೆ 'ನಿಮ್ಮ ಸ್ಟೇಷನ್ ಚೆನ್ನಾಗಿ ಕೇಳಿಸಿತು' ಅಂತ ಬರೆದು ಹಾಕಿದರೆ ಚಂದದ ಕಾರ್ಡು ಕಳಿಸುತ್ತಿದ್ದರು. ಹಂಗಂತ ಚಿಕ್ಕಪ್ಪನಿಗೆ ಆ ದೇಶದ ಹೆಸರು ಪರಿಚಯ.

1976ರಲ್ಲಿ ಇರಬೇಕು, ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯ ಪತ್ರಮಿತ್ರರ ಪುಟದಲ್ಲಿ ಅವನಿಗೆ ಒಂದು ವಿಳಾಸ ಸಿಕ್ಕಿತು. ಕಾರ್ಲ್ ಮಾರ್ಕ್ಸ್ ಸ್ಟಾಟ್ ಅನ್ನುವ ಊರಿನ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಟೀಚರು. ಭಾರತದ ಮಳೆಗಾಲದ ಬಗ್ಗೆ ತಿಳಿದುಕೊಳ್ಳುವ ಆಸೆ ಅಂತ ಹಾಕಿದ್ದರಂತೆ. ಇವನು ಸುಮ್ಮನಿರ್ತಾನಾ? ನಾಲ್ಕು ಪುಟ ಬರೆದ. ಕಡೆಗೆ ಆ ಜುಲೈ ತಿಂಗಳ ಆಗುಂಬೆಯ ಲೆಕ್ಕ, ದಿನದ ಪ್ರಕಾರ. ಎರಡು ತಿಂಗಳಾದ ಮೇಲೆ ಉತ್ತರ ಬಂತು. ಅವರ ಊರಿಗೆ ಇಡೀ ವರ್ಷದಲ್ಲಿ ಬರುವ ಮಳೆ ನಿಮ್ಮಲ್ಲಿ ಜುಲೈನ ಒಂದೆರಡು ವಾರದಲ್ಲೇ ಬಂದುಬಿಡುತ್ತದಲ್ಲ, ಮಿಲಿಮೀಟರೋ ಸೆಂಟಿಮೀಟರೋ, ದಯವಿಟ್ಟು ಇನ್ನೊಮ್ಮೆ ನೋಡಿ ಹೇಳಿ ಅಂತ. ಚಿಕ್ಕಪ್ಪ ಅದನ್ನು ಊರಿಗೆಲ್ಲ ಓದಿ ಹೇಳಿದ್ದ.

ಅಲ್ಲಿಂದ ಹದಿನಾಲ್ಕು ವರ್ಷ. ವರ್ಷಕ್ಕೆ ನಾಲ್ಕೈದು ಕಾಗದ ಬರುತ್ತಿತ್ತು. ಇಬ್ಬರದ್ದೂ ಕಲಿತ ಇಂಗ್ಲಿಷು, ಇಬ್ಬರ ಪಕ್ಕದಲ್ಲೂ ನಿಘಂಟು. ಇವನು ಮಳೆ ಬರೆದ, ಅವರು ಹಿಮ ಬರೆದರು. ಆ ಕಾಗದಗಳಲ್ಲಿ ಅದಕ್ಕಿಂತ ಹೆಚ್ಚಿಂದು ಏನಾದರೂ ಇತ್ತಾ ಅಂದ್ರೆ... ಕಟ್ಟು ಈಗ ನನ್ನ ಮುಂದೇ ಇದೆ, ಬಿಚ್ಚಿಲ್ಲ. ಬಿಚ್ಚುವುದು ಸರಿಯಲ್ಲ ಅನ್ನಿಸುತ್ತೆ.

ಒಂದು ಕಾಗದದಲ್ಲಿ ಚಿಕ್ಕಪ್ಪ 'ನಮ್ಮ ಅಣ್ಣನ ಮಗ ನಿಮ್ಮ ದೇಶದ ಸ್ಟಾಂಪು ಮಾತ್ರ ಸೇರಿಸುತ್ತಾನೆ' ಅಂತ ಬರೆದನಂತೆ. ಮುಂದಿನ ಕವರಿನಿಂದ ನನ್ನ ಭಾಗ್ಯವೇ ತೆರೆಯಿತು. ಅಲ್ಲಿಯವರೆಗೆ ಬರುತ್ತಿದ್ದದ್ದು ಬರೀ ದಿನಬಳಕೆಯ ಸ್ಟಾಂಪು. ಅದರಲ್ಲಿ ಒಂದರ ಮೇಲೆ ಅವರ ಊರಿನ ಮಾರ್ಕ್ಸ್ ವಿಗ್ರಹ. 1971ರಲ್ಲಿ ನಿಲ್ಲಿಸಿದ್ದು, ದೇಹವೇ ಇಲ್ಲ, ಬರೀ ತಲೆ, ತಲೆಯೇ ಏಳು ಮೀಟರ್ ಎತ್ತರ. ನಮ್ಮಜ್ಜಿ ಅದನ್ನು ನೋಡಿ 'ಪಾಪ, ಕುತ್ತಿಗೆ ಮಟ್ಟ ಹುಗಿದಿದಾರೆ' ಅಂದಿದ್ದರು. ಪ್ಯಾಕೆಟ್ಟುಗಳಲ್ಲಿ ಸಿಗುತ್ತಿದ್ದದ್ದೋ, ವಾಲ್ಟರ್ ಉಲ್‌ಬ್ರಿಕ್ಟ್ ಅನ್ನುವ ಅಲ್ಲಿನ ನಾಯಕರ ಮುಖ, ಬಣ್ಣ ಬೇರೆ ಬೇರೆ, ಮುಖ ಅದೇ. ಗಡ್ಡದ ಮಾವ ಅಂತ ನಾವು ಹೆಸರಿಟ್ಟಿದ್ದೆವು.

ಈಗ ಬರತೊಡಗಿದವು ನೋಡಿ! ಗ್ರಿಮ್ ಸೋದರರ ಕಥೆಗಳ ಸ್ಟಾಂಪುಗಳು, ಒಂದೊಂದು ಕಥೆಗೆ ಆರಾರು, ಆರೂ ಸೇರಿಸಿ ನೋಡಿದರೆ ಕಥೆ ಮುಗಿಯುತ್ತಿತ್ತು. ಲೈಪ್‌ಜಿಗ್ ಜಾತ್ರೆಯವು (ಅದು ವಾಣಿಜ್ಯ ಮೇಳ, ಚಿಕ್ಕಪ್ಪನ ಬಾಯಲ್ಲಿ ಜಾತ್ರೆ), ಪ್ರತಿವರ್ಷ ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ. 1978ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಜರ್ಮನ್ ಸಿಗ್ಮುಂಡ್ ಯೇನ್. 1979ರಲ್ಲಿ ಅವರು ಭಾರತದ ಹಳೇ ಕಿರುಚಿತ್ರಗಳ ಮೇಲೆ ನಾಲ್ಕು ಸ್ಟಾಂಪು ತಂದರು. ಟೀಚರ್ ಅದನ್ನು ಹಚ್ಚಿ ಕಳಿಸಿ, ಇದು ನಿಮ್ಮ ಊರಿನ ಹತ್ತಿರದ್ದಾ ಅಂತ ಕೇಳಿದ್ದರು. ನಮ್ಮೂರಿನ ಹತ್ತಿರ ಇರುವುದು ಅಂದ್ರೆ ಜಿಗಣೆ ಅಂತ ಚಿಕ್ಕಪ್ಪ ಬರೆದ. ಆಮೇಲೆ ಜಿಗಣೆ ಅಂದ್ರೆ ಏನು ಅಂತ ವಿವರಿಸಲಿಕ್ಕೆ ಮತ್ತೊಂದು ಕಾಗದ ಬೇಕಾಯಿತು.

ಒಂದೇ ದೇಶ ಹಿಡಿದು ಕೂತರೆ ಆಗುವ ಲಾಭ ಇದು: ಆ ದೇಶದ ಗುಟ್ಟುಗಳು ಒಂದೊಂದಾಗಿ ಗೊತ್ತಾಗುತ್ತಾ ಹೋಗುತ್ತವೆ. ಪ್ಯಾಕೆಟ್ಟಿನ ಡಿಡಿಆರ್ ಸ್ಟಾಂಪಿಗೆ ಸೀಲು ಬಿದ್ದಿರುತ್ತಿತ್ತು, ಮೂಲೆಯಲ್ಲಿ, ಕಂಪಾಸಿನಲ್ಲಿ ಬರೆದಷ್ಟು ನೀಟಾಗಿ. ಆದರೆ ಹಿಂದೆ ನೆಕ್ಕಿ ನೋಡಿದರೆ ಅಂಟು ಹಾಗೇ ಇರುತ್ತಿತ್ತು! ಕಾಗದದ ಮೇಲೆ ಪ್ರಯಾಣವನ್ನೇ ಮಾಡಿರಲಿಲ್ಲ ಅವು. ವಿದೇಶದ ಹುಡುಗರಿಗೆ ಮಾರಲಿಕ್ಕೆ ಅಂತಲೇ ಹಾಳೆಗಟ್ಟಲೆ ಸೀಲು ಹೊಡೆದು ಕಳಿಸಿದ್ದು. ಸರ್ಕಾರಕ್ಕೆ ವಿದೇಶಿ ವಿನಿಮಯ ಬೇಕಿತ್ತು, ನಮಗೆ ಬಣ್ಣ ಬೇಕಿತ್ತು. ಇನ್ನೊಂದು ಗುಟ್ಟು ಇದಕ್ಕಿಂತ ಮಜಾ. ಐವತ್ತರ ದಶಕದಿಂದ ಎಂಬತ್ತರ ದಶಕದ ಆರಂಭದವರೆಗೆ, ಹೆಚ್ಚಿನ ಸೆಟ್ಟುಗಳಲ್ಲಿ ಒಂದು ಸ್ಟಾಂಪನ್ನು ಬೇಕಂತಲೇ ಕಡಿಮೆ ಅಚ್ಚು ಹಾಕುತ್ತಿದ್ದರು. ಸಂಗ್ರಾಹಕರ ಸಂಘದ ಕಾರ್ಡು ಇದ್ದವರಿಗೆ ಮಾತ್ರ ಅದು ಸುಲಭವಾಗಿ ಸಿಗುತ್ತಿತ್ತು. ಹಾಗಾಗಿ ನನ್ನ ಆಲ್ಬಮ್ಮಿನ ಪುಟಪುಟದಲ್ಲೂ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಜಾಗ ಖಾಲಿ.

ಟೀಚರ್ ಬಳಿ ಅಂಥಾ ಕಾರ್ಡು ಇರಲಿಲ್ಲ, ಅವರ ಶಾಲೆಯ ಇನ್ನೊಬ್ಬ ಮೇಷ್ಟ್ರ ಹತ್ತಿರ ಇತ್ತಂತೆ. ಸ್ಟಾಂಪನ್ನು ಕವರಿನ ಒಳಗಿಟ್ಟು ದೇಶದ ಹೊರಗೆ ಕಳಿಸಲು ಅಲ್ಲಿ ಕಟ್ಟುಪಾಡುಗಳಿದ್ದವು. ಕವರಿನ ಮೇಲೆ ಅಂಟಿಸಿದರೆ? ಅದು ಅಂಚೆ ವೆಚ್ಚ, ಯಾರು ಕೇಳ್ತಾರೆ! ಮೇಷ್ಟ್ರಿಂದ ಬೇಡಿ ತಂದ ಆ ಅಪರೂಪದ ಸ್ಟಾಂಪನ್ನು ಟೀಚರ್ ಕವರಿನ ಮೇಲೆ ಅಂಟಿಸಿ ಬಿಡುತ್ತಿದ್ದರು. ನೋಡದೇ ಇದ್ದ ದೇಶದ ನೋಡದೇ ಇದ್ದ ಹುಡುಗನಿಗಾಗಿ. ಒಂದೊಂದೇ ಹಲ್ಲು ಕಟ್ಟುತ್ತಾ ಬಂತು.

ಇನ್ನೊಂದು ಹೇಳಿಬಿಡ್ತೀನಿ, ವಿಷಯಾಂತರ ಅಂತ ಬೈಯಬೇಡಿ. 1956ರಲ್ಲಿ ಸಂಗೀತಗಾರ ರಾಬರ್ಟ್ ಶೂಮನ್ ತೀರಿಕೊಂಡು ನೂರು ವರ್ಷ ಅಂತ ಎರಡು ಸ್ಟಾಂಪು ತಂದರು. ಮುಂದೆ ಶೂಮನ್ನನ ಮುಖ, ಹಿಂದೆ ಸ್ವರಲಿಪಿ. ಬಿಡುಗಡೆ ಆದ ಮೇಲೆ ಗೊತ್ತಾಯಿತು, ಸ್ವರಲಿಪಿ ಶೂಮನ್ನನದ್ದಲ್ಲ, ಶೂಬರ್ಟನದ್ದು! ಪುರಂದರದಾಸರ ಚಿತ್ರ ಹಾಕಿ ಹಿಂದೆ ತ್ಯಾಗರಾಜರ ಕೃತಿ ಬರೆದ ಹಾಗೆ. ಜುಲೈನಲ್ಲಿ ತಂದದ್ದು, ಅಕ್ಟೋಬರಿನಲ್ಲಿ ಸರಿಯಾದ ಸ್ವರಲಿಪಿ ಹಾಕಿ ಮತ್ತೆ ತಂದರು. ತಪ್ಪಿದ್ದೂ ಸರಿಯಿದ್ದೂ ಎರಡೂ ಜೋಡಿ ನನ್ನ ಹತ್ತಿರ ಇವೆ. ತಪ್ಪು ಮಾಡಿ ಮೂರು ತಿಂಗಳಲ್ಲಿ ಸರಿಪಡಿಸಿಕೊಳ್ಳುವ ಅವಕಾಶ ಎಲ್ಲರಿಗೂ ಇರಲ್ಲ. ನನಗಂತೂ ಸಿಗಲಿಲ್ಲ.

ಸ್ಟಾಂಪು ತೆಗೆಯುವ ವಿಧಾನ ನಿಮಗೂ ಗೊತ್ತಿರುತ್ತೆ. ಕವರಿನ ಮೂಲೆ ಕತ್ತರಿಸಿ, ಬೇಸಿನ್ನಿನಲ್ಲಿ ನೀರು ಹಾಕಿ ನೆನೆಸಿ, ಅರ್ಧ ಗಂಟೆ ಬಿಟ್ಟು ಸ್ಟಾಂಪು ಜಾರಿಸಿ, ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸಿ, ಆಮೇಲೆ ನಿಘಂಟಿನ ಅಡಿಗೆ. ನಾನು ಸೋಮಾರಿ. ಮೂಲೆ ಕತ್ತರಿಸುವಾಗ ಕತ್ತರಿ ಹಲ್ಲಿಗೆ ತಾಗಿ ಒಂದು ಸ್ಟಾಂಪು ಹಾಳಾದ ಮೇಲೆ ಕತ್ತರಿಯನ್ನೇ ಬಿಟ್ಟೆ, ಇಡೀ ಕವರನ್ನೇ ನೀರಿಗೆ ಹಾಕುತ್ತಿದ್ದೆ. ಉಳಿದ ಕಾಗದ ಬಚ್ಚಲೊಲೆಗೆ. ಹದಿನಾಲ್ಕು ವರ್ಷದ ಕವರುಗಳೆಲ್ಲ ಆ ಒಲೆಯಲ್ಲೇ ಹೋಗಿವೆ.

ಚಿಕ್ಕಪ್ಪನದ್ದೊಂದು ಕ್ರಮ ಇತ್ತು. ಕಾಗದ ಬಂದ ತಕ್ಷಣ ಬ್ಲೇಡಿನಿಂದ ಕವರಿನ ಒಂದು ಅಂಚು ಸೀಳಿ, ಒಳಗಿನ ಕಾಗದವನ್ನು ಜೇಬಿಗಿಟ್ಟು ಕವರು ನನಗೆ ಕೊಡುವುದು. ಓದುವುದು ಮಾತ್ರ ಪುರುಸೊತ್ತಾದಾಗ, ಒಬ್ಬನೇ ಕೂತು. ಕೆಲವು ಸಲ ಎರಡು ದಿನ ಬಿಟ್ಟೂ ಓದಿದ್ದಿದೆ. ಅಷ್ಟು ಹೊತ್ತು ಜೇಬಿನಲ್ಲಿಟ್ಟುಕೊಂಡು ಓಡಾಡುವುದೇ ಅವನಿಗೆ ಖುಷಿ ಅಂತ ಈಗ ಅನ್ನಿಸುತ್ತೆ.

1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಆಮೇಲೆ ಎಲ್ಲ ದಡದಡ ಅಂತ ನಡೆಯಿತು. 1990ರ ಜೂನ್ ಒಂದಕ್ಕೆ ಕಾರ್ಲ್ ಮಾರ್ಕ್ಸ್ ಸ್ಟಾಟ್‌ಗೆ ಹಳೇ ಹೆಸರು ವಾಪಸ್ ಬಂದು ಕೆಮ್ನಿಟ್ಸ್ ಆಯಿತು. ತಲೆ ಮಾತ್ರ ಅಲ್ಲೇ ಉಳಿಯಿತು, ಇವತ್ತಿಗೂ ಇದೆ. ಜುಲೈ ಒಂದಕ್ಕೆ ಪಶ್ಚಿಮದ ದುಡ್ಡು ಪೂರ್ವಕ್ಕೂ ಬಂತು. ಮಾರನೇ ದಿನವೇ ಹೊಸ ದುಡ್ಡಿನ ಬೆಲೆ ಹಾಕಿದ ಸ್ಟಾಂಪುಗಳು ಬಂದವು: ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲು, ಡ್ರೆಸ್ಡೆನ್‌ನ ಸೆಂಪರ್ ಒಪೆರಾ, ವಾರ್ಟ್‌ಬುರ್ಗ್ ಕೋಟೆ, ಹೀಗೆ ಕಟ್ಟಡಗಳ ಸಾಲು. ಅವುಗಳ ಮೇಲೆ ಡಿಡಿಆರ್ ಅನ್ನುವ ಮೂರಕ್ಷರ ಇರಲಿಲ್ಲ. ಬರೀ ಡಾಯ್ಚೆ ಪೋಸ್ಟ್. 1949ರಲ್ಲಿ ಬಂದ ಮೊಟ್ಟಮೊದಲ ಸ್ಟಾಂಪಿನ ಮೇಲೂ ಹಾಗೇ ಇತ್ತು. ದೇಶ ಇನ್ನೂ ಇರುವಾಗಲೇ ಸ್ಟಾಂಪಿನಿಂದ ಹೆಸರು ಹೊರಟುಹೋಗಿತ್ತು.

ಆ ವರ್ಷ ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೆ. ಹತ್ತೊಂಬತ್ತು ವರ್ಷ. ಸಣ್ಣ ಮಗು ಅಂತ ನೆಪ ಹೇಳುವ ಹಾಗೂ ಇಲ್ಲ. ದೀಪಾವಳಿಗೆ ಮನೆಗೆ ಬಂದಿದ್ದೆ. ನೀರು ತುಂಬುವ ಹಬ್ಬದ ದಿನ ಸಂಜೆ ಚಿಕ್ಕಪ್ಪ ತೀರ್ಥಹಳ್ಳಿಯಿಂದ ಬಂದವನೇ ಕವರು ತೆಗೆದು ಕೊಟ್ಟ. 'ನೋಡು, ಹೊಸ ನಮೂನೆ ಕಾಣ್ತದೆ' ಅಂದ. ನೋಡಿದರೆ ಎರಡು ಸ್ಟಾಂಪು. ಸೆಂಪರ್ ಒಪೆರಾ ಒಂದು, ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲು ಒಂದು. ಡಿಡಿಆರ್ ಅಂತ ಇಲ್ಲ! ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ನನಗೆ ತಡೆಯಲಿಕ್ಕೆ ಆಗಲಿಲ್ಲ. ಹಂಡೆಗೆ ನೀರು ತುಂಬಿ, ಹಂಡೆಗೆ ಹಿಂಡ್ಲೆಕಾಯಿ ಬಳ್ಳಿ ಕಟ್ಟುವ ಗಡಿಬಿಡಿಯಲ್ಲಿ ಅಮ್ಮ ಇದ್ದಾಗ ನಾನು ಒಂದು ಬೇಸಿನ್ ನೀರು ತಂದು ಕವರು ಮುಳುಗಿಸಿದೆ. ಹಿಂಭಾಗದಲ್ಲಿ ನೀಲಿ ಶಾಯಿಯಲ್ಲಿ ಏನೋ ಬರೆದಿತ್ತು. ಯಾವಾಗಲೂ ಇರುತ್ತಿದ್ದದ್ದೇ, ಕಳಿಸಿದವರ ವಿಳಾಸ. ನೀರು ತೆಳು ನೀಲಿ ಆಯಿತು. ಚಂದ ಕಂಡಿತು ಅಂತಲೂ ನೆನಪು. ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಾಗ ಒಲೆ ಹೊಗೆಯಾಡುತ್ತಿತ್ತು. ಒಣಗಿದ್ದ ಕವರನ್ನೇ ಮುದುರಿ ಒಲೆಗೆ ತುರುಕಿದೆ. ಭಗ್ ಅಂತ ಹತ್ತಿತು.

ಊಟ ಆದ ಮೇಲೆ ಚಿಕ್ಕಪ್ಪ ಜಗಲಿಯ ಮೂಲೆಯಲ್ಲಿ ಕೂತು ಕಾಗದ ಓದಿದ. ಎರಡು ಸಲ ಓದಿದ ಅನ್ನಿಸುತ್ತೆ. ಆಮೇಲೆ ಬಂದು ಕೇಳಿದ.

"ಮಾಣಿ, ಆ ಕವರು ಎಲ್ಲಿಟ್ಟಿದ್ಯ?"

"ಎಂತಕ್ಕೆ ಚಿಕ್ಕಪ್ಪ?"

"ಅವರು ಊರು ಬಿಟ್ಟಿದಾರಂತೆ. ಶಾಲೆ ಕೆಲಸ ಇರ್ತದೋ ಇಲ್ವೋ ಗೊತ್ತಿಲ್ಲಂತೆ, ಅಕ್ಕನ ಮನೆಗೆ ಹೋಗಿದಾರೆ. ಇನ್ನು ಮೇಲೆ ಕವರಿನ ಹಿಂದೆ ಇರೋ ವಿಳಾಸಕ್ಕೆ ಬರೀರಿ ಅಂದಿದಾರೆ."

ನಾನು ಏನು ಹೇಳಿದೆ ಅನ್ನುವುದು ನೆನಪಿಲ್ಲ. ಬಚ್ಚಲಿನ ಕಡೆ ನೋಡಿದೆ ಅಂತ ಕಾಣುತ್ತೆ, ಚಿಕ್ಕಪ್ಪನೂ ಆ ಕಡೆ ನೋಡಿದ. ಅವನಿಗೆ ಅರ್ಥ ಆಯಿತು. ಬೈಯುತ್ತಾನೆ ಅಂತ ಕಾದೆ. 'ಹೋಗ್ಲಿ ಬಿಡು. ನನ್ನ ಕಾಗದ ಬರದೇ ಇದ್ರೆ ಅವರೇ ಇನ್ನೊಂದು ಹಾಕ್ತಾರೆ' ಅಂದ. ಗೋಪೂಜೆಗೆ ಕೊಟ್ಟಿಗೆ ತೊಳೆಯಬೇಕಿತ್ತು, ಹೋದ.

ಕಾಗದದ ತಲೆಯಲ್ಲಿ ಊರು, ತಾರೀಕು ಬರೆಯುವ ರೂಢಿ ಜರ್ಮನ್ನರಿಗಿದೆ. ಆ ಒಂದು ಕಾಗದದಲ್ಲಿ ತಾರೀಕು ಮಾತ್ರ ಇತ್ತು. ಹೊರಡುವ ಮುಂಚೆ ಬರೆಯಲು ಶುರು ಮಾಡಿ ಹೋದ ಮೇಲೆ ಮುಗಿಸಿದ್ದರೋ ಏನೋ.

ಇನ್ನೊಂದು ಕಾಗದ ಬರಲಿಲ್ಲ. ಬರುವುದಾದರೂ ಹೇಗೆ? ಅವರು ಉತ್ತರಕ್ಕೆ ಕಾಯುತ್ತಿದ್ದರು. ಕೆಲಸ ಹೋಗಿ, ದೇಶ ಹೋಗಿ, ಇಂಡಿಯಾದವನೂ ಬರೆಯುವುದು ಬಿಟ್ಟ ಅಂದುಕೊಂಡಿರಬಹುದು. ಚಿಕ್ಕಪ್ಪ ಮೂರು ತಿಂಗಳು ಕಾದು, 1991ರ ಜನವರಿಯಲ್ಲಿ ಹಳೇ ವಿಳಾಸಕ್ಕೇ ಬರೆದ, ಊರಿನ ಹೆಸರು ಮಾತ್ರ ಕೆಮ್ನಿಟ್ಸ್ ಅಂತ ತಿದ್ದಿ. ನಾಲ್ಕು ತಿಂಗಳ ಮೇಲೆ ಅದು ಜರ್ಮನ್ ಭಾಷೆಯ ಮೊಹರು ಹೊತ್ತು ವಾಪಸ್ ಬಂತು. ಆಮೇಲೆ ಕೆಮ್ನಿಟ್ಸ್‌ನ ಪೋಸ್ಟ್ ಮಾಸ್ಟರಿಗೆ ಅಂತ ಒಂದು ಬರೆದ. ಅದಕ್ಕೆ ಉತ್ತರವೂ ಇಲ್ಲ, ವಾಪಸ್ಸೂ ಇಲ್ಲ. 1993ರಲ್ಲಿ ಜರ್ಮನಿಯ ಪಿನ್‌ಕೋಡುಗಳೆಲ್ಲ ನಾಲ್ಕಂಕಿಯಿಂದ ಐದಂಕಿಗೆ ಬದಲಾದವು ಅಂತ ಪೇಪರಿನಲ್ಲಿ ಓದಿ ಹೇಳಿದಾಗ ಚಿಕ್ಕಪ್ಪ ನಕ್ಕು 'ಇನ್ನು ಮುಗೀತು ಬಿಡು' ಅಂದ. ಅವನ ಬಾಯಲ್ಲಿ ಆ ವಿಷಯ ಬಂದದ್ದು ಅದೇ ಕೊನೆ. ಮಳೆ ಅಳೆಯುವುದನ್ನು ಮಾತ್ರ ಬಿಡಲಿಲ್ಲ, 2017ರಲ್ಲಿ ತೀರಿಕೊಳ್ಳುವ ಹಿಂದಿನ ಮಳೆಗಾಲದವರೆಗೂ.

ನಾನು ಸ್ಟಾಂಪು ಬಿಟ್ಟೆ, ಹತ್ತು ಹನ್ನೆರಡು ವರ್ಷ ಆಲ್ಬಮ್ ಮುಟ್ಟಲಿಲ್ಲ. ಮತ್ತೆ ಶುರು ಮಾಡಿದ್ದು ಇಂಟರ್ನೆಟ್ ಬಂದ ಮೇಲೆ. ನೋಡಿದರೆ ಡಿಡಿಆರ್ ಸ್ಟಾಂಪು ಜಗತ್ತಿನ ಅಗ್ಗದ ಸ್ಟಾಂಪುಗಳಲ್ಲೊಂದು. ಅಷ್ಟು ಅಚ್ಚು ಹಾಕಿದ್ದಾರೆ. ಇಡೀ ದೇಶವನ್ನು ಆಲ್ಬಮ್ ಸಮೇತ ಮಾರಾಟಕ್ಕಿಟ್ಟವರಿದ್ದಾರೆ, ಒಂದು ಸಾಧಾರಣ ಮೊಬೈಲಿನ ದುಡ್ಡಿಗೆ. ಒಂದು ಕ್ಲಿಕ್ಕಿಗೆ ಮುಗಿಯುತ್ತಿತ್ತು. ನಾನು ಒಂದೊಂದೇ ತೆಗೆದುಕೊಂಡೆ. ಕೊನೆಯ ದಿನದವೂ ಸಿಕ್ಕಿವೆ: 1990ರ ಅಕ್ಟೋಬರ್ 2ರಂದು ಬಂದ, ಟ್ರಾಯ್ ಅಗೆದ ಹೈನ್‌ರಿಕ್ ಶ್ಲೀಮನ್ನನ ಸ್ಟಾಂಪುಗಳು. ಮಾರನೇ ದಿನ ದೇಶವೇ ಇರಲಿಲ್ಲ. ರೇಡಿಯೋ ಬರ್ಲಿನ್ ಇಂಟರ್‌ನ್ಯಾಷನಲ್ ಬಾಯಿ ಮುಚ್ಚಿದ್ದೂ ಅವತ್ತೇ. ನಮ್ಮಲ್ಲಿ ಗಾಂಧಿ ಜಯಂತಿ, ಪೋಸ್ಟಾಫೀಸಿಗೆ ರಜೆ.

ಸಂಗ್ರಾಹಕರ ಗುಂಪುಗಳಲ್ಲಿ ಮಾತಾಡುವಾಗ ಇನ್ನೊಂದು ವಿಷಯ ತಿಳಿಯಿತು. ತಿಳಿದವರು ಸ್ಟಾಂಪನ್ನು ಕವರಿನಿಂದ ಬಿಡಿಸುವುದೇ ಇಲ್ಲವಂತೆ. ಅದರಲ್ಲೂ 1990ರ ಆ ಮೂರು ತಿಂಗಳ ಕವರುಗಳನ್ನು ಇಡಿಯಾಗಿಯೇ ಇಡುತ್ತಾರೆ. ಯಾವ ಊರಿಂದ ಹೊರಟಿತು, ಯಾವತ್ತು, ಎಲ್ಲಿಗೆ, ಎಲ್ಲ ಕವರಿನ ಮೇಲೆ ಇರುತ್ತಲ್ಲ. ಸ್ಟಾಂಪಿಗಿಂತ ಕವರೇ ದೊಡ್ಡದು ಅಂತ ಒಬ್ಬ ಹಿರಿಯರು ನನಗೆ ಪಾಠ ಹೇಳಿದರು. ಹೌದು ಸಾರ್ ಅಂದೆ.

ಆ ಎರಡು ಸ್ಟಾಂಪು ಈಗಲೂ ಆಲ್ಬಮ್ಮಿನಲ್ಲಿವೆ. ಹೆಬ್ಬಾಗಿಲಿನ ಸ್ಟಾಂಪಿನ ಮೇಲೆ ಸೀಲು ಜಾರಿ ಬರೀ ಮಸಿ. ಸೆಂಪರ್ ಒಪೆರಾದ ಎಡ ಅಂಚಿಗೆ ಸೀಲಿನ ಬಲಭಾಗ ಬಿದ್ದಿದೆ, ಸ್ಪಷ್ಟವಾಗಿ. ತಾರೀಕಿನಲ್ಲಿ ಸೆಪ್ಟೆಂಬರ್ 90 ಅನ್ನುವಷ್ಟು ಉಳಿದಿದೆ. ಊರಿನ ಹೆಸರಿನಲ್ಲಿ ಕೊನೆಯ ನಾಲ್ಕು ಅಕ್ಷರ: ಬಿ, ಯು, ಆರ್, ಜಿ. ಬುರ್ಗ್! ನಮ್ಮಲ್ಲಿ ಪುರ ಇದ್ದ ಹಾಗೆ. ಪೂರ್ವದಲ್ಲೇ ಲೆಕ್ಕ ಹಾಕಿದರೂ ಮ್ಯಾಗ್ಡೆಬುರ್ಗ್, ನೌಂಬುರ್ಗ್, ಮರ್ಸೆಬುರ್ಗ್, ಆಲ್ಟೆನ್‌ಬುರ್ಗ್, ಬರ್ನ್‌ಬುರ್ಗ್, ಕ್ವೆಡ್ಲಿನ್‌ಬುರ್ಗ್, ಓರಾನಿಯೆನ್‌ಬುರ್ಗ್, ಬ್ರಾಂಡೆನ್‌ಬುರ್ಗ್, ಸಾಲದು ಅಂತ ನಾಯ್‌ಬ್ರಾಂಡೆನ್‌ಬುರ್ಗ್. ಹೆಸರಿನ ಮೊದಲರ್ಧ ಕವರಿನ ಮೇಲಿತ್ತು. ನಮ್ಮನೆ ಹಂಡೆಯ ನೀರು ಕಾಯಿಸಿತು. ಮಸೂರ ಹಿಡಿದು ಎಷ್ಟು ಸಲ ನೋಡಿದ್ದೇನೋ, ಬುರ್ಗ್‌ನ ಹಿಂದೆ ಒಂದು ಗೀಟು ಇದ್ದ ಹಾಗೆ ಕಾಣುತ್ತೆ. ಎನ್ ಅಕ್ಷರದ ಕಾಲು ಇರಬಹುದು, ಎಮ್ ಇರಬಹುದು. ಮಸಿಯ ಚುಕ್ಕಿಯೂ ಇರಬಹುದು.

ಅಟ್ಟದಲ್ಲಿ ಸಿಕ್ಕ ಕವರು ಅಂದೆನಲ್ಲ, ಅದು 1991ರಲ್ಲಿ ವಾಪಸ್ ಬಂದ ಚಿಕ್ಕಪ್ಪನ ಕಾಗದ. ಎಸೆದಿದ್ದಾನೆ ಅಂದುಕೊಂಡಿದ್ದೆ. ಅಂಟು ಬಿಚ್ಚಿಲ್ಲ. ಮೇಲೆ ಇಂಡಿಯಾದ ಸ್ಟಾಂಪು, ತೀರ್ಥಹಳ್ಳಿಯ ಸೀಲು, ಜರ್ಮನಿಯ ಸೀಲು, ಎಲ್ಲ ಹಾಗೇ ಇದೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಚಿಕ್ಕಪ್ಪನ ಅಕ್ಷರ: 'ಮಾಣಿಗೆ. ನೆನೆಸಬಾರದು.'

ಯಾವತ್ತು ಬರೆದಿಟ್ಟನೋ, ಕೊಡಲೇ ಇಲ್ಲ.

ಬೆಳಕಿಗೆ ಹಿಡಿದರೆ ಒಳಗೆ ಅಂಕಿಗಳ ಸಾಲು ಮಸುಕಾಗಿ ಕಾಣುತ್ತೆ. ಮಳೆ ಲೆಕ್ಕವೇ ಇರಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದ್ದು. ಅದರ ನಕಲು ನೋಟ್ ಪುಸ್ತಕದಲ್ಲೂ ಇದೆ. ಅದಕ್ಕೇ ಕವರು ಒಡೆಯುವ ಅಗತ್ಯ ಬೀಳಲಿಲ್ಲ.

ಜರ್ಮನಿಯಲ್ಲಿರುವ ಕನ್ನಡದ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಅದರಲ್ಲೂ ಬುರ್ಗ್ ಅಂತ ಮುಗಿಯುವ ಊರುಗಳ ಕಡೆ ಇದ್ದರೆ, ಒಂದು ಮಾತು. 1970–80ರ ದಶಕದಲ್ಲಿ ಕಾರ್ಲ್ ಮಾರ್ಕ್ಸ್ ಸ್ಟಾಟ್‌ನಲ್ಲಿ ಭೂಗೋಳ ಪಾಠ ಮಾಡುತ್ತಿದ್ದ, ಅಕ್ಕನ ಮನೆಗೆ ಬಂದು ನೆಲೆಸಿದ, ಆಗುಂಬೆ ಅನ್ನುವ ಹೆಸರು ಕೇಳಿದರೆ ಹೌದು ಅನ್ನಬಹುದಾದ ಅಜ್ಜಿಯೊಬ್ಬರ ಸುದ್ದಿ ಎಲ್ಲಾದರೂ ಕಿವಿಗೆ ಬಿದ್ದರೆ ತಿಳಿಸಿ. ಈಗ ಎಂಬತ್ತು ದಾಟಿರುತ್ತೆ. 1990ರ ಮಳೆ ಲೆಕ್ಕ ಅವರಿಗೆ ಕೊಡುವುದು ಬಾಕಿ ಇದೆ.